ಮುಪ್ಪಿನ ಮಾನವು

ಮುಪ್ಪಾದ ತಂದೆತಾಯಿಗಳನ್ನು ಮಕ್ಕಳು ಸಾಕತಕ್ಕದ್ದೆಂಬದನ್ನು ನಮ್ಮಲ್ಲಿ ಯಾರೂ ಅಲ್ಲಗಳೆಯರು. ಆದರೆ ಹಾಗೆ ಸಾಕುವದು ಸಾಲ ತೀರಿಸುವ ಕೆಲಸವೋ ಪ್ರೀತಿಯ ಕೆಲಸವೋ ಎಂದು ಕೇಳಿದರೆ ಉತ್ತರವು ಅಷ್ಟು ಸುಲಭವಲ್ಲ. ಈ ಎರಡಕ್ಕೂ ಮುದುಕರ ಹೊಟ್ಟೆಯ ಮಟ್ಟಿಗೆ ವ್ಯತ್ಯಾಸವು ಕಾಣದೆ ಇರಬಹುದು. ಅವರ ಮಾನದ ಮಟ್ಟಿಗೆ ಬಹಳ ವ್ಯತ್ಯಾಸವುಂಟು. ಇದನ್ನು ನಾವು ಸ್ವಲ್ಪ ವಿಚಾರಿಸೋಣ.

ಸೇಡಂ ತಾಲೂಕಿನ ಕೋಡ್ಲಾ ಗ್ರಾಮವನ್ನೂ ಅದರ ಸುತ್ತಿನ ಸೀಮೆಯನ್ನೂ ನೋಡಿರಿ. ಅದು ತೊಗರಿಯೂ ಜೋಳವೂ ಬೆಳೆಯುವ ಎರೆಯ ನೆಲ. ಆ ನೆಲದ ಅಡಿಯಲ್ಲಿ ಸುಣ್ಣದ ಕಲ್ಲು ಇರುವದರಿಂದ ವಾಡಿ, ಮಳಖೇಡ, ಸೇಡಂ, ಕೋಡ್ಲಾ ಈ ಸ್ಥಳಗಳಲ್ಲಿ ಸಿಮೆಂಟಿನ ಕಾರ್ಖಾನೆಗಳು ಎದ್ದವು. ಬೇಸಾಯವೊಂದೇ ಇದ್ದ ಕಾಲದಲ್ಲಿ ಮನೆಯ ಹಿರಿಯನ ಮಾತಿಗೆ ತೂಕವಿತ್ತು. ಯಾಕಂದರೆ ಯಾವ ಮಳೆಗೆ ಕೂರಿಗೆ ಹೂಡಬೇಕೆಂಬದು ಅವನಿಗೆ ಗೊತ್ತಿತ್ತು, ಹೊಲವೂ ಅವನ ಹೆಸರಿನಲ್ಲಿತ್ತು. ಹೊಲವನ್ನು ಮಾರಿದ ಮನೆಯಲ್ಲಾದರೋ ಹಣವು ಮಕ್ಕಳಲ್ಲಿ ಪಾಲಾಗುವದು. ಒಬ್ಬನು ಕಾರ್ಖಾನೆಗೆ, ಒಬ್ಬನು ಹೈದರಾಬಾದಿಗೆ, ಇನ್ನೊಬ್ಬನು ಪುಣೆಗೆ ದುಡಿಯಲು ಹೋಗುವನು. ಹಿರಿಯನ ಕೈಯಲ್ಲಿ ಕೊಡುವದಕ್ಕೆ ಹೊಲವಿಲ್ಲ. ಅವನನ್ನು ಕೇಳುವದಕ್ಕೆ ಯಾರ ಬಳಿಯಲ್ಲಿಯೂ ಪ್ರಶ್ನೆಯಿಲ್ಲ. ಇಷ್ಟು ದಿವಸ ನಾವು ಮಾನ ತೋರಿಸಿದ್ದು ತಂದೆಗೋ ಹೊಲಕ್ಕೋ ಎಂಬದು ಆಗಲೇ ಬೈಲಿಗೆ ಬರುವದು.

ಸಾಲಕ್ಕೆ ಒಂದು ಸ್ವಭಾವವುಂಟು. ಅದನ್ನು ಎಣಿಸಬಹುದು, ಭಾಗ ಮಾಡಬಹುದು. ಎರಡು ತಿಂಗಳು ದೊಡ್ಡವನ ಮನೆ, ಎರಡು ತಿಂಗಳು ಚಿಕ್ಕವನ ಮನೆ ಎಂದು ಸರದಿ ಹಾಕುವವರುಂಟು. ತಂದೆಯನ್ನು ಒಬ್ಬನಿಗೂ ತಾಯಿಯನ್ನು ಇನ್ನೊಬ್ಬನಿಗೂ ಹಂಚಿಕೊಟ್ಟು, ನಾಲ್ವತ್ತು ವರುಷ ಒಂದೇ ಒಲೆಯ ರೊಟ್ಟಿ ತಿಂದವರನ್ನು ಬೇರೆ ಮಾಡುವವರೂ ಉಂಟು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಸಾಲಗಾರನ ಕಣ್ಣು ಯಾವಾಗಲೂ ಜೊತೆ ಸಾಲಗಾರನ ಮೇಲೆ ಇರುವದು. ಅಣ್ಣನು ಕೊಡದ್ದನ್ನು ತಾನೇಕೆ ಕೊಡಬೇಕೆಂದು ತಮ್ಮನು ಕೇಳುವನು. ಪ್ರೀತಿಯು ಹಾಗೆ ಪಕ್ಕಕ್ಕೆ ತಿರುಗಿ ನೋಡುವದಿಲ್ಲ.

ಸಾಲದಂತೆ ವಸೂಲಾಗುವಷ್ಟನ್ನು ಕಾನೂನು ವಸೂಲು ಮಾಡಬಲ್ಲದು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಒಂದು ಕಾಯಿದೆಯಾಯಿತು. ಅದರ ಪ್ರಕಾರ ಮಕ್ಕಳು ಕೈಬಿಟ್ಟ ತಂದೆತಾಯಿಗಳು ಉಪವಿಭಾಗದ ಅಸಿಸ್ಟಂಟ್ ಕಮಿಷನರರ ಮುಂದೆ ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿಗಳ ವರೆಗೆ ಕೊಡಬೇಕೆಂದು ಮಕ್ಕಳಿಗೆ ಆಜ್ಞೆಯಾಗಬಹುದು. ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನಿಂದ ಬರೆದುಕೊಟ್ಟ ಆಸ್ತಿಯು, ಮಕ್ಕಳು ಆ ಷರತ್ತನ್ನು ಮೀರಿದರೆ, ತಿರುಗಿ ಬರುವದಕ್ಕೂ ಅದರಲ್ಲಿ ದಾರಿಯುಂಟು. ಆದದರಿಂದ ಬರೆದುಕೊಡುವವರು ಆ ಷರತ್ತನ್ನು ಪತ್ರದಲ್ಲಿಯೇ ಕಾಣಿಸುವದು ಜಾಣತನ. ಇದೆಲ್ಲಾ ಒಳ್ಳೇದೇ. ಆದರೂ ಕಾನೂನು ಅನ್ನವನ್ನು ಕೊಡಿಸೀತು. ತಾಟನ್ನು ಮುಂದಿಡುವ ಕೈಯ ಮೃದುತ್ವವನ್ನು ಅದು ಕೊಡಿಸಲಾರದು.

ದಶಾಜ್ಞೆಗಳಲ್ಲಿಯೂ ತಂದೆತಾಯಿಗಳ ಕುರಿತು ಹೇಳಿದ್ದು ಅವರಿಗೆ ಉಣಿಸಬೇಕೆಂದಲ್ಲ, ಅವರನ್ನು ಸನ್ಮಾನಿಸಬೇಕೆಂದು. ಸನ್ಮಾನವೆಂದರೆ ಏನು? ಅದು ದೊಡ್ಡ ಸಂಗತಿಯಲ್ಲ. ಹಲ್ಲು ಹೋದವರಿಗೆ ಕಟಕ ರೊಟ್ಟಿಯನ್ನು ಹಾಗೆಯೇ ಹಾಕದೆ ಹಾಲಿನಲ್ಲಾಗಲಿ ಸಾರಿನಲ್ಲಾಗಲಿ ನೆನೆಸಿ ಕೊಡುವದು. ಕಿವಿ ಮಂದವಾದವರ ಎದುರಿನಲ್ಲಿ ಅವರ ವಿಷಯವನ್ನೇ, ಅವರು ಅಲ್ಲಿ ಇಲ್ಲವೋ ಎಂಬಂತೆ ಮಾತಾಡದಿರುವದು. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯಿಂದ 65 ವರುಷ ದಾಟಿದ ಬಡವರಿಗೆ ಪಿಂಚಣಿ ಸಿಗುವದಲ್ಲವೇ? ಆ ಹಣವನ್ನು ಅವರ ಕೈಯಲ್ಲಿಯೇ ಬಿಡುವದು. ಮೊಮ್ಮಗನಿಗೆ ತನ್ನ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಕೊಡಬಲ್ಲ ಅಜ್ಜಿಯು ಆ ಮನೆಯಲ್ಲಿ ಕೊಡುವವಳಾಗಿಯೇ ಉಳಿಯುವಳು. ಇನ್ನೊಂದು ಮಾತು: ಅಪ್ಪ ಅವ್ವನ ಸೇವೆ ಮಾಡುತ್ತೇನೆಂದು ಮಗನು ಹೆಸರು ಪಡೆಯುವನು; ರಾತ್ರಿ ಎದ್ದು ಹಾಸಿಗೆ ಬದಲಾಯಿಸುವವಳು ಸೊಸೆ. ಹಿರಿಯರ ಮಾನವನ್ನು ಕಾಯಬೇಕೆನ್ನುವ ಗಂಡಸರು ಆ ಭಾರದಲ್ಲಿ ಕೈಗೂಡಿಸತಕ್ಕದ್ದು.

ಮುದುಕರ ಸ್ವಭಾವವೇ ಕಠಿಣ, ಅವರೊಂದಿಗೆ ಬಾಳುವದು ಹೇಗೆಂದು ಕೆಲವರು ಕೇಳುವರು. ಈ ಮಾತಿನಲ್ಲಿ ಸ್ವಲ್ಪ ಸತ್ಯವುಂಟು. ಆದದರಿಂದ ಹಿರಿಯರಿಗೂ ಒಂದು ಮಾತು. ಇದೇ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಲ್ಲಿ 814ರಿಂದ 878ರ ವರೆಗೆ ಆಳಿದ ಅಮೋಘವರ್ಷನು ತನ್ನ ಕೊನೆಗಾಲದಲ್ಲಿ ರಾಜ್ಯಭಾರವನ್ನು ಮಗನಾದ ಕೃಷ್ಣನಿಗೆ ಬಿಟ್ಟು ವಿರಕ್ತನಾಗಿ ಇದ್ದನೆಂದು ಹೇಳುತ್ತಾರೆ. ಸಿಂಹಾಸನವನ್ನು ಬಿಡಬಲ್ಲವರು ಇರುವಾಗ ಪೆಟ್ಟಿಗೆಯ ಬೀಗದ ಕೈಯನ್ನು ಸೊಸೆಗೆ ಕೊಡುವದು ನಮಗೆ ಅಸಾಧ್ಯವೋ? ಯಜಮಾನಿಕೆಯನ್ನು ಬಿಡುವದು ಬೇರೆ, ಇರುವ ನೆಲೆಯನ್ನು ಬಿಡುವದು ಬೇರೆ. ನೆಲೆಯನ್ನು ಉಳಿಸಿಕೊಂಡು, ಯಜಮಾನಿಕೆಯನ್ನು ಸಂತೋಷದಿಂದ ಒಪ್ಪಿಸಿ, ಕೇಳಿದಾಗ ಬುದ್ಧಿ ಹೇಳುವ ಹಿರಿಯನನ್ನು ಪ್ರೀತಿಸುವದು ಮನೆಯವರಿಗೆ ಕಷ್ಟವಾಗದು.

ಆದರೆ ಕೇಳುವವರು ಬೇಕಷ್ಟೆ. ಮುಪ್ಪಿನಲ್ಲಿ ಮನುಷ್ಯನನ್ನು ಹೆಚ್ಚಾಗಿ ನೋಯಿಸುವದು ಮೊಣಕಾಲಿನ ನೋವಲ್ಲ, ತನ್ನನ್ನು ಇನ್ನು ಯಾರೂ ಏನೂ ಕೇಳುವದಿಲ್ಲವೆಂಬ ಅರಿವೇ. ಪ್ರಿಯ ವಾಚಕರೇ, ನಮ್ಮ ಮನೆಯಲ್ಲಿ ಅಂಥವರು ಇದ್ದರೆ ಇಂದು ಸಂಜೆ ರೊಟ್ಟಿಯೊಂದಿಗೆ ಒಂದು ಪ್ರಶ್ನೆಯನ್ನೂ ಅವರ ಮುಂದೆ ಇಡೋಣ, ಮತ್ತು ಉತ್ತರವು ಮುಗಿಯುವ ವರೆಗೆ ಅಲ್ಲಿಯೇ ಕೂತಿರೋಣ.