ಆನ್‌ಲೈನ್ ಪದವಿ: ಶ್ರಾವಕಧರ್ಮದ ದೃಷ್ಟಿಯಿಂದ ಒಂದು ವಿಚಾರ

ಜ್ಞಾನವು ಆತ್ಮನ ಸ್ವಭಾವಗುಣವೆಂಬುದು ಜೈನದರ್ಶನದ ಮೂಲ ನಿಲುವು. ಅದು ಹೊರಗಿನಿಂದ ಬಂದು ಸೇರುವ ವಸ್ತುವಲ್ಲ. ಆವರಣವು ಸರಿದಷ್ಟೂ ಒಳಗಿನಿಂದಲೇ ಪ್ರಕಟವಾಗತಕ್ಕದ್ದು. ನಿಶ್ಚಯನಯದಿಂದ ನೋಡಿದರೆ ಯಾವ ಪದವಿಪತ್ರವೂ ಆತ್ಮಕ್ಕೆ ಏನನ್ನೂ ಕೂಡಿಸಲಾರದು. ವ್ಯವಹಾರನಯದಿಂದ ನೋಡಿದರೆ, ಗೃಹಸ್ಥನಿಗೆ ಆ ಪತ್ರವಿಲ್ಲದೆ ಅನೇಕ ಉದ್ಯೋಗಗಳ ಬಾಗಿಲು ತೆರೆಯುವುದಿಲ್ಲ. ಈ ಎರಡರಲ್ಲಿ ಒಂದನ್ನೇ ಹಿಡಿದು ಇನ್ನೊಂದನ್ನು ತಿರಸ್ಕರಿಸುವುದು ಏಕಾಂತವಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ಎದ್ದಿದೆ. ಕಾಲೇಜಿಗೆ ಹೋಗಿ ಓದುವ ಅನುಕೂಲವಿಲ್ಲದವರು ಅಂತರ್ಜಾಲದ ಮೂಲಕ ಪದವಿ ಪಡೆಯುವುದು ಯೋಗ್ಯವೇ? ಹಿರಿಯರು ಅದನ್ನು 'ಮನೆಯಲ್ಲಿ ಕುಳಿತು ತರಿಸಿಕೊಂಡ ಕಾಗದ' ಎನ್ನುತ್ತಾರೆ. ಕಿರಿಯರು 'ಸರ್ಕಾರವೇ ಒಪ್ಪಿದ ಮೇಲೆ ಅದರಲ್ಲಿ ದೋಷವೇನು?' ಎಂದು ಕೇಳುತ್ತಾರೆ. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ, ಎರಡೂ ಅಪೂರ್ಣ. ಕಾನೂನು ಒಪ್ಪುವುದು ಬೇರೆ, ವ್ರತವು ಒಪ್ಪುವುದು ಬೇರೆ. ಆದುದರಿಂದ ಇದನ್ನು ಶ್ರಾವಕಧರ್ಮದ ಹಿನ್ನೆಲೆಯಲ್ಲಿ ವಿವೇಚಿಸುವುದು ಉಚಿತ.

ಮೊದಲಿಗೆ ವಸ್ತುಸ್ಥಿತಿಯನ್ನು ತಿಳಿಯಬೇಕು. ದೂರದಿಂದ ಓದುವ ಕ್ರಮ ಈ ದೇಶಕ್ಕೆ ಹೊಸದಲ್ಲ. ದೆಹಲಿ ವಿಶ್ವವಿದ್ಯಾನಿಲಯವು 1962ರಲ್ಲಿ ಅಂಚೆಯ ಮೂಲಕ ಪಾಠ ಹೇಳಲು ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1969ರಲ್ಲಿ ಆರಂಭವಾದ ಅಂಚೆ ತೆರಪಿನ ಶಿಕ್ಷಣವೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು 1985ರಲ್ಲಿ ಸ್ಥಾಪನೆಯಾಯಿತು. ಅಂಚೆಯ ಲಕೋಟೆಯ ಸ್ಥಾನಕ್ಕೆ ಈಗ ಕಂಪ್ಯೂಟರ್ ಮತ್ತು ಮೊಬೈಲ್ ಬಂದಿವೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2020ರಲ್ಲಿ ದೂರಶಿಕ್ಷಣ ಮತ್ತು ಆನ್‌ಲೈನ್ ಶಿಕ್ಷಣಗಳೆರಡಕ್ಕೂ ಸೇರಿದ ನಿಯಮಾವಳಿಯನ್ನು ಹೊರಡಿಸಿತು. ಮಾನ್ಯತೆ ಪಡೆದ ಸಂಸ್ಥೆಯ ಇಂತಹ ಪದವಿಯು ತರಗತಿಯಲ್ಲಿ ಕುಳಿತು ಪಡೆದ ಪದವಿಗೆ ಸಮಾನವೆಂದು 2022ರ ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಆದರೆ ವೈದ್ಯಕೀಯ, ಎಂಜಿನಿಯರಿಂಗ್, ಕಾನೂನು, ನರ್ಸಿಂಗ್, ಔಷಧಶಾಸ್ತ್ರ ಮೊದಲಾದ ವಿಷಯಗಳ ಪದವಿಗೆ ಈ ಮಾರ್ಗದಲ್ಲಿ ಅವಕಾಶವಿಲ್ಲ. ರೋಗಿಯ ನಾಡಿಯನ್ನು ಪರದೆಯ ಮೇಲೆ ಹಿಡಿಯಲು ಬಾರದೆಂಬ ವಿವೇಕವನ್ನು ಕಾನೂನೂ ಉಳಿಸಿಕೊಂಡಿದೆ.

ಇನ್ನು ಪೂರ್ವಪಕ್ಷ. ಗುರುವಿನ ಸನ್ನಿಧಿಯಿಲ್ಲದೆ ಬಂದದ್ದು ವಿದ್ಯೆಯೇ ಅಲ್ಲವೆಂಬುದು ಕೆಲವರ ಆಕ್ಷೇಪ. ಇದಕ್ಕೆ ಶ್ರುತಪರಂಪರೆಯ ಇತಿಹಾಸದಲ್ಲಿಯೇ ಉತ್ತರವಿದೆ. ಬಹುಕಾಲ ಕಂಠಸ್ಥವಾಗಿ ಬಂದ ಆಗಮವು ಸ್ಮರಣಶಕ್ತಿಯು ಕ್ಷೀಣಿಸಿದಂತೆ ಅಳಿಯತೊಡಗಿದಾಗ, ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಪುಷ್ಪದಂತ ಮತ್ತು ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಅದನ್ನು ಬೋಧಿಸಿದರು. ಆ ಮುನಿಗಳು ಅದನ್ನು ಷಟ್‌ಖಂಡಾಗಮವಾಗಿ ಗ್ರಂಥಸ್ಥಗೊಳಿಸಿದರು. ಆ ಕಾರ್ಯ ಪೂರ್ಣಗೊಂಡ ಜ್ಯೇಷ್ಠ ಶುಕ್ಲ ಪಂಚಮಿಯನ್ನು ಇಂದಿಗೂ ಶ್ರುತಪಂಚಮಿಯೆಂದು ಆಚರಿಸಲಾಗುತ್ತದೆ. ಬಾಯಿಯಿಂದ ಕಿವಿಗೆ ಹರಿಯುತ್ತಿದ್ದುದು ಲಿಪಿಗೆ ಇಳಿದಾಗ, ಗುರುವಿಲ್ಲದ ಊರಿಗೂ ಗುರುವಿನ ಮಾತು ತಲುಪುವಂತಾಯಿತು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದುದು ಇದೇ ಉದ್ದೇಶದಿಂದ. ಮೂಡುಬಿದಿರೆಯಲ್ಲಿ ಉಳಿದುಬಂದ ಧವಲಾ ಗ್ರಂಥದ ತಾಳೆಯೋಲೆಗಳು ಕಳೆದ ಶತಮಾನದಲ್ಲಿ ಅಚ್ಚಿಗೂ ಬಂದವು. ಓಲೆ, ಕಾಗದ, ಅಚ್ಚು, ಪರದೆ ಇವು ಪಾತ್ರೆಗಳು. ಪಾತ್ರೆ ಬದಲಾಯಿತೆಂದು ಒಳಗಿನ ಹಾಲನ್ನು ನಿಂದಿಸುವುದು ಯುಕ್ತವಲ್ಲ.

ಆದರೆ ಅದೇ ಧರಸೇನಾಚಾರ್ಯರ ಕಥೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ಆಚಾರ್ಯರು ಬಂದವರಿಗೆ ಕೂಡಲೇ ಪಾಠ ಹೇಳಲಿಲ್ಲ. ಇಬ್ಬರಿಗೂ ಒಂದೊಂದು ಮಂತ್ರವನ್ನು ಸಾಧಿಸಲು ಕೊಟ್ಟರು. ಒಂದರಲ್ಲಿ ಒಂದು ಅಕ್ಷರ ಹೆಚ್ಚು, ಇನ್ನೊಂದರಲ್ಲಿ ಒಂದು ಅಕ್ಷರ ಕಡಿಮೆ. ಸಾಧನೆಯ ಫಲವಾಗಿ ಕಾಣಿಸಿಕೊಂಡ ದೇವತೆಯರಲ್ಲಿ ಒಬ್ಬಳ ಹಲ್ಲು ಮುಂದೆ ಚಾಚಿತ್ತು, ಇನ್ನೊಬ್ಬಳಿಗೆ ಒಂದೇ ಕಣ್ಣು. ದೇವತೆಗಳಿಗೆ ಅಂಗವಿಕಾರವಿರದು, ಆದುದರಿಂದ ಮಂತ್ರದಲ್ಲಿಯೇ ದೋಷವಿರಬೇಕೆಂದು ಊಹಿಸಿದ ಮುನಿಗಳು ತಾವೇ ಅಕ್ಷರಗಳನ್ನು ತಿದ್ದಿ ಮತ್ತೆ ಸಾಧಿಸಿದರು. ಆ ಬಳಿಕವೇ ಆಚಾರ್ಯರು ಬೋಧನೆಗೆ ತೊಡಗಿದರು. ಪರಂಪರೆಯು ಮಾಧ್ಯಮದ ವಿಷಯದಲ್ಲಿ ಉದಾರವಾಗಿತ್ತು. ಪರೀಕ್ಷೆಯ ವಿಷಯದಲ್ಲಿ ಮಾತ್ರ ಸಡಿಲಿಕೆ ತೋರಲಿಲ್ಲ. ಗುಹೆಯ ಏಕಾಂತದಲ್ಲಿ, ಕೇಳಲು ಯಾರೂ ಇಲ್ಲದಿದ್ದಾಗ, ತಪ್ಪನ್ನು ಕಂಡು ತಾನೇ ತಿದ್ದಿಕೊಳ್ಳಬಲ್ಲವನೇ ಆ ವಿದ್ಯೆಗೆ ಪಾತ್ರನಾದನು.

ಆನ್‌ಲೈನ್ ಪದವಿಯ ನೈತಿಕ ಪ್ರಶ್ನೆಯ ಕೇಂದ್ರವೂ ಇಲ್ಲಿಯೇ ಇದೆ. ತರಗತಿಯಲ್ಲಿ ಗುರುವಿನ ದೃಷ್ಟಿ, ಹಾಜರಿ ಪುಸ್ತಕ, ಪಕ್ಕದ ಸಹಪಾಠಿ ಇವೆಲ್ಲವೂ ವಿದ್ಯಾರ್ಥಿಯನ್ನು ಹಿಡಿದು ಕೂರಿಸುತ್ತವೆ. ಮನೆಯ ಕೋಣೆಯಲ್ಲಿ ಆ ಆಸರೆಗಳಿಲ್ಲ. ವೀಡಿಯೊ ಪಾಠವು ಓಡುತ್ತಿರುತ್ತದೆ. ಅಂಗಡಿಗೆ ಗಿರಾಕಿ ಬರುತ್ತಾನೆ. ಪಾಠ ಮುಗಿದಾಗ ಪೂರ್ತಿ ನೋಡಿದಂತೆ ಗುರುತು ಬೀಳುತ್ತದೆ. ಯಂತ್ರದ ಲೆಕ್ಕದಲ್ಲಿ ಅವನು ಓದಿದ್ದಾನೆ. ಅವನ ಆತ್ಮಕ್ಕೆ ಮಾತ್ರ ನಿಜಸ್ಥಿತಿ ಗೊತ್ತು.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಸ್ವಾಧ್ಯಾಯದ ಐದು ಅಂಗಗಳನ್ನು ಹೇಳಿದ್ದಾರೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಇವು ಧರ್ಮಗ್ರಂಥಗಳನ್ನು ಕುರಿತು ಹೇಳಿದವಾದರೂ ಲೌಕಿಕ ವಿದ್ಯೆಗೂ ಒಳ್ಳೆಯ ಅಳತೆಗೋಲಾಗುತ್ತವೆ. ವಾಚನೆ, ಎಂದರೆ ಪಾಠವನ್ನು ಪಡೆಯುವುದು, ಆನ್‌ಲೈನ್‌ನಲ್ಲಿ ಹೇರಳವಾಗಿದೆ. ಬೇಕಾದಷ್ಟು ಸಲ ಕೇಳಬಹುದಾದುದರಿಂದ ಆಮ್ನಾಯ, ಎಂದರೆ ಆವೃತ್ತಿಯೂ ಸುಲಭ. ಕೊರತೆಯಾಗುವುದು ಪೃಚ್ಛನೆ, ಎಂದರೆ ಸಂಶಯವನ್ನು ಕೇಳುವುದು. ಪ್ರಶ್ನೆ ಕೇಳಲು ಅಲ್ಲಿಯೂ ವ್ಯವಸ್ಥೆ ಇದೆ. ಕೇಳಲೇಬೇಕೆಂದು ಎಬ್ಬಿಸಿ ನಿಲ್ಲಿಸುವವರಿಲ್ಲ. ಅನುಪ್ರೇಕ್ಷೆ, ಎಂದರೆ ಮನನಕ್ಕೆ ದಿನದಲ್ಲಿ ನಿಶ್ಚಿತವಾದ ಹೊತ್ತು ಬೇಕು. ಕಲಿತುದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಬಲ್ಲೆನೇ ಎಂಬುದು ಕೊನೆಯ ಪರೀಕ್ಷೆ. ಈ ಐದನ್ನು ಪೂರೈಸಿದವನ ಪದವಿಯನ್ನು ಕೀಳೆನ್ನಲು ಯಾರಿಗೂ ಅಧಿಕಾರವಿಲ್ಲ. ಇವಿಲ್ಲದೆ ತರಗತಿಯ ಕೊನೆಯ ಬೆಂಚಿನಲ್ಲಿ ಮೂರು ವರ್ಷ ಕಳೆದವನ ಪದವಿಯನ್ನು ಮೇಲೆನ್ನಲೂ ಕಾರಣವಿಲ್ಲ.

ಪದವಿಪತ್ರದ ಸ್ವರೂಪವನ್ನು ವ್ಯಾಪಾರಿಗಳು ಹುಂಡಿಯ ದೃಷ್ಟಾಂತದಿಂದ ಚೆನ್ನಾಗಿ ಅರಿಯಬಹುದು. ದರ್ಶನಿ ಹುಂಡಿಯನ್ನು ಕಂಡ ದೂರದ ಊರಿನ ಸಾಹುಕಾರನು ತಂದವನನ್ನು ಅರಿಯದಿದ್ದರೂ, ಬರೆದವನ ಸಾಖಿನ ಮೇಲೆ ಹಣ ಎಣಿಸುತ್ತಿದ್ದನು. ಪದವಿಯೂ ಹಾಗೆಯೇ. ಅದನ್ನು ನೋಡಿದ ಅಪರಿಚಿತನು ಒಬ್ಬನಿಗೆ ಲೆಕ್ಕಪತ್ರವನ್ನು ಒಪ್ಪಿಸುತ್ತಾನೆ, ಇನ್ನೊಬ್ಬನಿಗೆ ಮಕ್ಕಳ ಪಾಠವನ್ನು ಒಪ್ಪಿಸುತ್ತಾನೆ. ಆ ಕಾಗದದ ಹಿಂದೆ ವಿದ್ಯೆಯಿಲ್ಲದಿದ್ದರೆ ನಷ್ಟವು ಮೂರನೆಯವನಿಗೆ. ಆದುದರಿಂದ ಪದವಿಯು ಕೇವಲ ವಿದ್ಯಾರ್ಥಿಯ ಸ್ವಂತ ವಿಷಯವಲ್ಲ. ಅದು ಲೋಕಕ್ಕೆ ಕೊಟ್ಟ ವಚನ.

ಈ ವಚನಭಂಗವು ಯಾವ ವ್ರತಕ್ಕೆ ತಾಗುತ್ತದೆಂಬುದನ್ನು ಶಾಸ್ತ್ರವು ಸ್ಪಷ್ಟವಾಗಿಯೇ ತಿಳಿಸಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಎಂದರೆ ಸುಳ್ಳು ದಾಖಲೆಯ ರಚನೆ, ಒಂದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕಳವಿನ ವಸ್ತುವನ್ನು ಕೊಳ್ಳುವುದು ಒಂದು. ಅಸಲಿನ ಹೆಸರಿನಲ್ಲಿ ನಕಲನ್ನು ಮಾರುವ ಪ್ರತಿರೂಪಕ ವ್ಯವಹಾರ ಇನ್ನೊಂದು. ನಕಲಿ ವಿಶ್ವವಿದ್ಯಾನಿಲಯದ ಪ್ರಮಾಣಪತ್ರವನ್ನು ತಿಳಿದೂ ಕೊಳ್ಳುವುದು ಮೊದಲನೆಯದರ ಕೆಳಗೆ ಬರುತ್ತದೆ. ಹಣಕೊಟ್ಟು ಬರೆಯಿಸಿದ ಅಸೈನ್‌ಮೆಂಟು, ಯಂತ್ರದ ಕೃತಕ ಬುದ್ಧಿಯಿಂದ ಹೊರಬಂದುದಕ್ಕೆ ತನ್ನ ಹೆಸರು ಹಚ್ಚಿ ಒಪ್ಪಿಸಿದ ಉತ್ತರ, ಇವು ಪ್ರತಿರೂಪಕ ವ್ಯವಹಾರವಲ್ಲದೆ ಬೇರೇನಲ್ಲ. ತೂಕದಲ್ಲಿ ಗುಲಗಂಜಿಯಷ್ಟೂ ಮೋಸ ಮಾಡದ ವ್ಯಾಪಾರಿಯು ಮಗನ ಉತ್ತರಪತ್ರಿಕೆಯ ಮೋಸವನ್ನು 'ಈಗಿನ ಕಾಲದ ರೂಢಿ' ಎಂದು ತಳ್ಳಿಹಾಕುವುದು ಸರಿಯಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರು ಮಾರ್ಗಗಳಿಂದಲೂ ಕರ್ಮಾಸ್ರವವಾಗುತ್ತದೆ. ಮಗನು ನಕಲು ಮಾಡಿದರೆ ಕೃತ. ತಂದೆಯು ಹಣ ಕೊಟ್ಟು ಮಾಡಿಸಿದರೆ ಕಾರಿತ. ಮನೆಮಂದಿ ತಿಳಿದೂ ಸಂತೋಷಪಟ್ಟರೆ ಅನುಮೋದನ.

ಪರೀಕ್ಷೆಯ ಸಮಯದಲ್ಲಿ ಕ್ಯಾಮೆರಾ ಕಾವಲಿದೆಯಲ್ಲವೇ ಎಂದು ಕೆಲವರು ಕೇಳಬಹುದು. ಕಾವಲು ಅಗತ್ಯವೇ. ಆದರೆ ಕ್ಯಾಮೆರಾ ಕಾಯುವುದು ಕೆಲವು ಗಂಟೆಗಳನ್ನು. ಓದಿನ ಅವಧಿಯೋ ಮೂರು ವರ್ಷ. ಜೈನದರ್ಶನವು ಮೇಲೆ ಕುಳಿತು ಅಂಕ ಹಾಕುವ ನಿಯಾಮಕನನ್ನು ಒಪ್ಪುವುದಿಲ್ಲ. ಶಿಕ್ಷೆ ಕೊಡಲು ಯಾರೂ ಬರುವುದಿಲ್ಲ. ಪರಿಣಾಮವು ಕಲುಷಿತವಾದ ಕ್ಷಣದಲ್ಲಿಯೇ ಬಂಧವಾಗುತ್ತದೆ. ಕಾಯುವವರಿಲ್ಲದ ಕೋಣೆಯಲ್ಲಿ ಓದುವ ವಿದ್ಯಾರ್ಥಿಯ ಸ್ಥಿತಿಯು ಈ ತತ್ತ್ವಕ್ಕೆ ಬಹಳ ಸಮೀಪದ್ದು. ಹೊರಗಿನ ಭಯದಿಂದಲೇ ನೇರವಾಗಿ ನಡೆಯುವವನಿಗೆ ಆನ್‌ಲೈನ್ ಕಾಲೇಜು ಅಪಾಯದ ಸ್ಥಳ. ಸಾಮಾಯಿಕಕ್ಕೆ ಕುಳಿತವನಂತೆ ತನ್ನ ಮನಸ್ಸನ್ನು ತಾನೇ ಕಾಯಬಲ್ಲವನಿಗೆ ಅದು ಹಿತಕರವಾದ ಸ್ಥಳ.

ಹಾಗಾದರೆ ಯಾರು ಈ ಮಾರ್ಗವನ್ನು ಹಿಡಿಯಬಹುದು? ತಂದೆಯ ಅನಾರೋಗ್ಯದಿಂದಾಗಿ ಪಿಯುಸಿ ಮುಗಿದೊಡನೆ ಅಂಗಡಿಯ ಗಲ್ಲೆಯ ಮೇಲೆ ಕೂರಬೇಕಾದ ಯುವಕನಿಗೆ, ಮದುವೆಯಿಂದಾಗಿ ಬಿ.ಕಾಂ. ನಡುವೆ ನಿಂತುಹೋದ ಸೊಸೆಗೆ, ಕಾಲೇಜಿಲ್ಲದ ಹಳ್ಳಿಯ ನೌಕರನಿಗೆ ಇದು ನಿಜವಾದ ಉಪಕಾರ. ಇಂತಹವರ ಓದನ್ನು ಹಗುರಾಗಿ ಕಾಣುವುದು ಮಾತ್ಸರ್ಯವೆನಿಸುತ್ತದೆ.

ಆದರೆ ಸಮಾಜದಲ್ಲಿ ಇನ್ನೊಂದು ಬಗೆಯ ನಿರ್ಣಯವೂ ನಡೆಯುತ್ತಿದೆ. ಕಾಲೇಜಿಗೆ ಹೋಗುವ ಶಕ್ತಿ, ಆಸೆ, ಅನುಕೂಲ ಮೂರೂ ಇರುವ ಮಗಳನ್ನು 'ಹಾಸ್ಟೆಲಿನಲ್ಲಿ ಸೂರ್ಯಾಸ್ತಕ್ಕೆ ಮುನ್ನ ಊಟ ಸಿಗದು, ಕಂದಮೂಲದ ವಿವೇಚನೆ ಇರದು' ಎಂಬ ಕಾರಣ ಹೇಳಿ ಮನೆಯಲ್ಲಿಯೇ ಉಳಿಸಿ, ಆನ್‌ಲೈನ್ ಪದವಿಗೆ ಸೇರಿಸುತ್ತಾರೆ. ಆಹಾರಶುದ್ಧಿಯ ಚಿಂತೆ ಗೌರವಾರ್ಹವಾದುದು. ಆದರೆ ಅದೇ ಮನೆಯ ಮಗನನ್ನು ಅದೇ ಹಾಸ್ಟೆಲಿಗೆ ಕಳುಹಿಸುವುದಾದರೆ ಕಾರಣವು ಆಹಾರವಲ್ಲ. ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಹೇಳಿದ ಕಾರಣಗಳಲ್ಲಿ ಅಂತರಾಯ, ಎಂದರೆ ಪರರ ಜ್ಞಾನಕ್ಕೆ ಅಡ್ಡಿ ಮಾಡುವುದು, ಒಂದೆಂಬುದನ್ನು ಹೆತ್ತವರು ಮರೆಯಬಾರದು. ಆದಿನಾಥ ಸ್ವಾಮಿಯು ಲಿಪಿಯನ್ನು ಬ್ರಾಹ್ಮಿಗೂ ಅಂಕವನ್ನು ಸೌಂದರಿಗೂ ಕಲಿಸಿದನೆಂದು ಪುರಾಣವು ಹೇಳುತ್ತದೆ. ಹೆಣ್ಣುಮಕ್ಕಳ ವಿದ್ಯೆಯನ್ನು ಇಷ್ಟು ಮುಂಚೂಣಿಯಲ್ಲಿ ನಿಲ್ಲಿಸಿದ ಪರಂಪರೆಯಲ್ಲಿ, ಅನುಕೂಲಕ್ಕಾಗಿ ಬಂದ ಸಾಧನವು ಮಗಳ ಹೊಸ್ತಿಲಿಗೆ ಹಾಕಿದ ಅಗಳಿಯಾಗಬಾರದು. ಅವಳೇ ವಿಚಾರಮಾಡಿ ಆರಿಸಿಕೊಂಡರೆ ಅದು ಬೇರೆ ಮಾತು.

ಅಪರಿಗ್ರಹದ ಅಂಶವನ್ನೂ ಗಮನಿಸಬೇಕು. ಏಕಕಾಲದಲ್ಲಿ ಎರಡು ಪದವಿಗಳಿಗೆ ಓದಲು 2022ರಲ್ಲಿ ಆಯೋಗವು ಅನುಮತಿಯಿತ್ತಿತು. ಅವಶ್ಯಕತೆ ಇದ್ದವರಿಗೆ ಅದು ಲಾಭಕರವೇ. ಆದರೆ ವಧೂವರರ ಪರಿಚಯದಲ್ಲಿ ಹೆಸರಿನ ಮುಂದೆ ಇನ್ನೆರಡು ಅಕ್ಷರಗಳಿರಲೆಂದು ಸಂಗ್ರಹಿಸುವ ಪದವಿಯು ಪೆಟ್ಟಿಗೆಯಲ್ಲಿಟ್ಟ ಆಭರಣದಂತೆ ಮೂರ್ಛೆಯ ವಸ್ತು. ಹಾಗೆಯೇ, ಪದವಿಯನ್ನು ಯಾವ ಕ್ರಮದಲ್ಲಿ ಪಡೆದುದೆಂದು ಕೇಳಿದಾಗ ಸಂಕೋಚದಿಂದ ಮರೆಮಾಚುವುದೂ ಸಲ್ಲದು. ವಿದ್ಯೆ ಎಲ್ಲಿಂದ ಬಂತೋ ಆ ಮೂಲವನ್ನು ಮುಚ್ಚಿಡದಿರುವುದನ್ನು ಅನಿಹ್ನವಾಚಾರವೆಂದು ಜ್ಞಾನಾಚಾರದ ಎಂಟು ಅಂಗಗಳಲ್ಲಿ ಎಣಿಸಲಾಗಿದೆ. ಪ್ರಾಮಾಣಿಕವಾಗಿ ಓದಿದವನಿಗೆ ಮರೆಮಾಚುವ ಅಗತ್ಯವಾದರೂ ಏನು?

ಸೇರುವ ಮುನ್ನ ವ್ಯಾಪಾರಿಯ ಎಚ್ಚರವೂ ಇರಬೇಕು. ಸಂಸ್ಥೆಗೆ ಆಯೋಗದ ದೂರಶಿಕ್ಷಣ ವಿಭಾಗದ ಮಾನ್ಯತೆ ಇದೆಯೇ, ಆ ಮಾನ್ಯತೆ ಅದೇ ವಿಷಯಕ್ಕೆ ಮತ್ತು ಅದೇ ವರ್ಷಕ್ಕೆ ಅನ್ವಯಿಸುತ್ತದೆಯೇ ಎಂಬುದನ್ನು ಆಯೋಗದ ಪಟ್ಟಿಯಲ್ಲಿಯೇ ನೋಡಬೇಕು. ದಲ್ಲಾಳಿಯ ಮಾತನ್ನು ನಂಬಬಾರದು. ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಇಲ್ಲವೆಂದು ಆಯೋಗವು 2015ರಲ್ಲಿ ಪ್ರಕಟಿಸಿ, 2018ರಲ್ಲಿ ಮರಳಿ ಮಾನ್ಯತೆ ನೀಡಿತು. ಅದರ ನಡುವೆ ಸಿಕ್ಕ ನಿರ್ದೋಷಿ ವಿದ್ಯಾರ್ಥಿಗಳ ಕಷ್ಟವು ಎಲ್ಲರಿಗೂ ಪಾಠವಾಗಬೇಕು. ಪರೀಕ್ಷಿಸದೆ ಸರಕು ಕೊಳ್ಳದವರು ಪರೀಕ್ಷಿಸದೆ ಮಕ್ಕಳ ಮೂರು ವರ್ಷಗಳನ್ನು ಒಪ್ಪಿಸುವುದು ವಿವೇಕವಲ್ಲ.

ಒಟ್ಟಿನಲ್ಲಿ, ನಿರ್ಣಯಿಸುವವನು ತನ್ನನ್ನು ತಾನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಬೇಕಾಗಿರುವುದು ವಿದ್ಯೆಯೋ, ವಿದ್ಯೆಯ ಹೆಸರೋ? ಈ ಮಾರ್ಗವನ್ನು ಆರಿಸುತ್ತಿರುವುದು ಅನಿವಾರ್ಯತೆಯಿಂದಲೋ, ಶ್ರಮವನ್ನು ತಪ್ಪಿಸಿಕೊಳ್ಳಲೋ? ಯಾರೂ ನೋಡದಿದ್ದಾಗಲೂ ನಿತ್ಯ ಎರಡು ಗಂಟೆ ಪುಸ್ತಕದ ಮುಂದೆ ಕೂರುವ ನಿಯಮವನ್ನು ನಡೆಸಬಲ್ಲೆನೇ? ಮೂರನೆಯದಕ್ಕೆ ಉತ್ತರ ತಿಳಿಯಲು ಸುಲಭವಾದ ಉಪಾಯವಿದೆ: ಶುಲ್ಕ ಕಟ್ಟುವ ಮುನ್ನ ಒಂದು ತಿಂಗಳ ಕಾಲ ಆ ಎರಡು ಗಂಟೆಗಳ ನಿಯಮವನ್ನು ಹಿಡಿದು ನೋಡುವುದು. ನಿಯಮವು ಮುರಿಯದೆ ನಡೆದರೆ ಧೈರ್ಯವಾಗಿ ಸೇರಬಹುದು. ಮುರಿದರೆ ಸಂಜೆ ಕಾಲೇಜನ್ನೋ, ಒಂದು ವರ್ಷದ ವಿಳಂಬವನ್ನೋ ಒಪ್ಪಿಕೊಳ್ಳುವುದು ಲೇಸು. ತಡವಾಗಿ ಬಂದ ವಿದ್ಯೆಯಿಂದ ಯಾರಿಗೂ ಹಾನಿಯಿಲ್ಲ. ವಿದ್ಯೆಯಿಲ್ಲದೆ ಬೇಗ ಬಂದ ಪದವಿಯಿಂದ ಪಡೆದವನಿಗೂ ಅವನನ್ನು ನಂಬಿದವರಿಗೂ ಹಾನಿಯಿದೆ.