ಕೊನೆಯ ಸರದಿ

ಮಾತು ಕೊಟ್ಟವನು ಮಾತಿಗೆ ತಪ್ಪಿದರೆ ಸಿಟ್ಟು ಬರುವುದು ಸಹಜ. ಆದರೆ ಮಾತೆಂದರೇನೆಂದೇ ತಿಳಿಯದ ಯಂತ್ರವೊಂದು ಮಾತಿಗೆ ತಪ್ಪಿದಾಗಲೂ ಅಷ್ಟೇ ಸಿಟ್ಟು ಬರುತ್ತದಲ್ಲ, ಅದು ಯಾಕೆ? ಅರವತ್ತು ದಾಟಿದ ಮೇಲೆ ಕಂಪ್ಯೂಟರಿನಲ್ಲಿ ರಾಜ್ಯಭಾರದ ಆಟವೊಂದನ್ನು ಕಲಿತ ನನ್ನನ್ನು ಈ ಪ್ರಶ್ನೆ ಬಹಳ ದಿನ ಕಾಡಿತು. ಉತ್ತರ ಹುಡುಕುತ್ತ ಹೋದಂತೆ ಅದು ಬರಿಯ ಆಟದ ಮಾತಾಗಿ ಉಳಿಯಲಿಲ್ಲ.

ಆಟದ ಹೆಸರು ‘ಸಿವಿಲೈಸೇಷನ್’. ಅಮೆರಿಕದ ಸಿಡ್ ಮೈಯರ್ ಎಂಬಾತ 1991ರಲ್ಲಿ ಇದರ ಮೊದಲ ಆವೃತ್ತಿಯನ್ನು ಹೊರತಂದ. ಅಲ್ಲಿಂದ ಮುಂದೆ ಹಲವು ಆವೃತ್ತಿಗಳು ಬಂದಿವೆ. ಕ್ರಿಸ್ತಪೂರ್ವ 4000ದಲ್ಲಿ ಒಂದು ಸಣ್ಣ ಗುಂಪಿನ ನಾಯಕನಾಗಿ ನೀವು ಹೊರಡುತ್ತೀರಿ. ಊರು ಕಟ್ಟಬೇಕು, ಹೊಲ ಮಾಡಬೇಕು, ವಿದ್ಯೆ ಕಲಿಯಬೇಕು, ದಂಡು ಸಾಕಬೇಕು. ಸುತ್ತಲೂ ಬೇರೆ ರಾಜ್ಯಗಳಿರುತ್ತವೆ. ಅವುಗಳ ದೊರೆಗಳ ತಲೆಯೊಳಗೆ ಕೂತು ಆಡುವುದು ಕಂಪ್ಯೂಟರ್. ಸರದಿಯ ಪ್ರಕಾರ ನಡೆ. ಐದನೆಯ ಮತ್ತು ಆರನೆಯ ಆವೃತ್ತಿಗಳಲ್ಲಿ ಸಾಮಾನ್ಯ ವೇಗದ ಆಟಕ್ಕೆ 500 ಸರದಿ. ಇಸವಿ 2050ಕ್ಕೆ ಆಟ ಮುಗಿಯಿತು. ನನಗೆ ಇದನ್ನು ಕಲಿಸಿದವನು ತಂಗಿಯ ಮಗ. ‘ಮಾವ, ಚದುರಂಗ ಬಲ್ಲವರಿಗೆ ಇದು ಕಷ್ಟವಲ್ಲ’ ಎಂದು ಹುರಿದುಂಬಿಸಿ ಕೂರಿಸಿದ. ಆದರೆ ಚದುರಂಗದ ಆನೆ, ಕುದುರೆ ನಿಮ್ಮ ಸ್ನೇಹಿತರೆಂದು ಹೇಳಿಕೊಂಡು ಬರುವುದಿಲ್ಲ. ಇಲ್ಲಿಯ ದೊರೆಗಳು ಬರುತ್ತಾರೆ. ಒಪ್ಪಂದಕ್ಕೆ ಕೈ ಚಾಚುತ್ತಾರೆ, ಉಡುಗೊರೆ ಕೇಳುತ್ತಾರೆ, ಮುನಿಸಿಕೊಳ್ಳುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ.

2005ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ ಒಂದು ಅನುಕೂಲವಿದೆ. ಎದುರಾಳಿ ದೊರೆಗೆ ನಮ್ಮ ಬಗ್ಗೆ ಏನನ್ನಿಸುತ್ತದೆ ಎಂಬುದನ್ನು ಅದು ಕೂಡುವ ಕಳೆಯುವ ಲೆಕ್ಕವಾಗಿ ಪರದೆಯ ಮೇಲೆ ತೋರಿಸುತ್ತದೆ. ಬಹುಕಾಲ ಶಾಂತಿಯಿಂದ ಇದ್ದದ್ದಕ್ಕೆ ಇಷ್ಟು ಜಮೆ. ಒಂದೇ ಧರ್ಮದವರಾದದ್ದಕ್ಕೆ ಇಷ್ಟು ಜಮೆ. ಅವನ ಶತ್ರುವಿನೊಡನೆ ವ್ಯಾಪಾರ ಮಾಡಿದ್ದಕ್ಕೆ ಇಷ್ಟು ಖರ್ಚು. ಗಡಿ ತಾಗಿಕೊಂಡಿರುವುದಕ್ಕೆ ಇಷ್ಟು ಖರ್ಚು. ನಮ್ಮ ಲೋಕದಲ್ಲೂ ಇಂಥ ಸೌಲಭ್ಯವಿದ್ದಿದ್ದರೆ ಎಷ್ಟು ಸಂಸಾರ ಉಳಿಯುತ್ತಿದ್ದವೋ ಎಷ್ಟು ಮುರಿಯುತ್ತಿದ್ದವೋ ಹೇಳಲಾರೆ. ಗಡಿ ತಾಗಿದ್ದೇ ಅಪರಾಧವೇ ಎಂದು ಮೊದಲು ನಗು ಬಂತು. ಆಮೇಲೆ ಕೌಟಿಲ್ಯ ನೆನಪಾದ. ಪಕ್ಕದ ರಾಜ ಶತ್ರು, ಅವನ ಆಚೆಯ ರಾಜ ಮಿತ್ರ ಎಂಬ ಮಂಡಲದ ಲೆಕ್ಕವನ್ನು ಅವನು ಎಂದೋ ಬರೆದಿಟ್ಟಿದ್ದ. ಕಣ್ಮರೆಯಾಗಿದ್ದ ಆ ಅರ್ಥಶಾಸ್ತ್ರದ ಓಲೆಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದವರು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು. ಅಂದರೆ ಯಂತ್ರ ಹೊಸದಾಗಿ ಏನನ್ನೂ ಕಂಡುಹಿಡಿದಿಲ್ಲ; ನಮ್ಮ ಹಳೆಯ ಖಾತೆ ಪುಸ್ತಕವನ್ನೇ ಓದುತ್ತಿದೆ.

ಆದರೂ ಯಂತ್ರದ ನಡೆ ಅರ್ಥವಾಗದಿದ್ದಾಗ ನಾವು ಸುಮ್ಮನಿರುವುದಿಲ್ಲ, ಕಾರಣವನ್ನು ಕಟ್ಟುತ್ತೇವೆ. ಈ ಆಟದಲ್ಲಿ ಗಾಂಧೀಜಿಯೂ ಒಬ್ಬ ನಾಯಕರು. ಅವರು ಇದ್ದಕ್ಕಿದ್ದಂತೆ ಅಣುಬಾಂಬು ಹಾಕುತ್ತಾರೆ ಎಂಬ ಕತೆ ಲೋಕಪ್ರಸಿದ್ಧ. ಅವರ ಆಕ್ರಮಣಶೀಲತೆಯ ಅಂಕ ಬರೇ 1 ಇತ್ತಂತೆ. ಪ್ರಜಾಪ್ರಭುತ್ವಕ್ಕೆ ಬದಲಾದಾಗ ಎಲ್ಲರಿಗೂ 2 ಕಳೆಯುತ್ತದಂತೆ. ಸೊನ್ನೆಗಿಂತ ಕೆಳಗಿಳಿಯಲು ಬಾರದ ಯಂತ್ರ ಸುತ್ತು ಹಾಕಿ 255ಕ್ಕೆ ಏರಿತಂತೆ. ಎಂಥ ಸೊಗಸಾದ ವಿವರಣೆ! ಆದರೆ ಅಂಥ ದೋಷವೇ ಇರಲಿಲ್ಲವೆಂದು ಸಿಡ್ ಮೈಯರ್ 2020ರ ತನ್ನ ಆತ್ಮಕತೆಯಲ್ಲಿ ಬರೆದ. 2010ರ ಐದನೆಯ ಆವೃತ್ತಿಯಲ್ಲಿ ಗಾಂಧಿಯ ಬಾಂಬಿನ ಒಲವನ್ನು 12ಕ್ಕೆ ಏರಿಸಿಟ್ಟದ್ದು ಮಾತ್ರ ನಿಜ. ಅದು ತಮಾಷೆಗೆಂದು ಬೇಕೆಂದೇ ಮಾಡಿದ್ದು. ಕತೆ ನಿಜವೋ ಸುಳ್ಳೋ, ಜನರಿಗೆ ಅದು ಬೇಕಾಗಿತ್ತು. ನಮಗೆ ಕೆಡುಕಿಗಿಂತ ಕಾರಣವಿಲ್ಲದ ಕೆಡುಕು ಹೆಚ್ಚು ಕಷ್ಟ.

ಇನ್ನು ಓಟಿನ ವಿಷಯ. ಐದನೆಯ ಆವೃತ್ತಿ ಮೊದಲು ಬಂದಾಗ ಅದರಲ್ಲೊಂದು ವಿಶ್ವಸಂಸ್ಥೆ ಇತ್ತು. ಜಗತ್ತಿನ ನಾಯಕನನ್ನು ಆರಿಸಲು ಮತದಾನ ನಡೆದರೆ ದೊಡ್ಡ ದೊರೆಗಳೆಲ್ಲ ತಮ್ಮ ತಮ್ಮ ಓಟನ್ನು ತಮಗೇ ಹಾಕಿಕೊಳ್ಳುತ್ತಿದ್ದರು. ಒಬ್ಬನು ಮಾತ್ರ ಬೇರೆ: ರಾಜ್ಯ ಕಳೆದುಕೊಂಡು ಅಳಿದವನನ್ನು ನೀವು ಮರಳಿ ಗದ್ದುಗೆಗೆ ಏರಿಸಿದ್ದರೆ, ಅವನ ಓಟು ನಿಮಗೆ. ಋಣ ಎಂಬುದನ್ನು ಅಲ್ಲಿ ನಿಯಮವಾಗಿಯೇ ಬರೆದಿದ್ದರು. ಆರನೆಯ ಆವೃತ್ತಿಗೆ 2019ರಲ್ಲಿ ಸೇರಿಸಿದ ಜಾಗತಿಕ ಸಭೆ ಇನ್ನೂ ವಿಚಿತ್ರ. ರಾಜತಾಂತ್ರಿಕ ಅಂಕ 20 ಆದವನು ಗೆದ್ದ. ನೀವು ಗೆಲುವಿನ ಹತ್ತಿರ ಬಂದಿರೋ, ನಿಮ್ಮ ಎರಡು ಅಂಕ ಕಿತ್ತುಕೊಳ್ಳುವ ನಿರ್ಣಯಕ್ಕೆ ಎಲ್ಲರೂ ಕೈ ಎತ್ತುತ್ತಾರೆ. ನೂರಾರು ಸರದಿ ಜೊತೆಗಿದ್ದ ಮಿತ್ರ ದೊರೆಯೂ ಎತ್ತುತ್ತಾನೆ. ಗೆದ್ದ ಪಕ್ಷಕ್ಕೆ ಓಟು ಹಾಕಿದವನಿಗೆ ಒಂದು ಅಂಕ ಇನಾಮು ಎಂಬ ನಿಯಮ ಬೇರೆ ಇದೆ. ಗೆದ್ದೆತ್ತಿನ ಬಾಲ ಹಿಡಿದವನಿಗೆ ಸರಕಾರಿ ಬಹುಮಾನ. ಹಾಗಾಗಿ ಬುದ್ಧಿವಂತ ಆಟಗಾರರು ತಮ್ಮ ಸೋಲಿಗೆ ತಾವೇ ಓಟು ಹಾಕುತ್ತಾರೆ: ಎರಡು ಹೋದರೂ ಒಂದು ಮರಳಿ ಬರುತ್ತದೆ. ನಾನೂ ಹಾಕಿದೆ. ಹಾಕುವಾಗ ಅಥೆನ್ಸಿನ ಅರಿಸ್ಟೈಡೀಸನ ಕತೆ ನೆನಪಾಯಿತು. ಅಲ್ಲಿ ಮಡಕೆಯ ಚೂರಿನ ಮೇಲೆ ಹೆಸರು ಗೀಚಿ ಒಬ್ಬನನ್ನು ಊರಿನಿಂದ ಹೊರಹಾಕುವ ಪದ್ಧತಿಯಿತ್ತು. ಅಕ್ಷರ ಬಾರದವನೊಬ್ಬ ಅರಿಸ್ಟೈಡೀಸನ ಕೈಗೇ ಚೂರು ಕೊಟ್ಟು, ಅರಿಸ್ಟೈಡೀಸ್ ಎಂದು ಬರೆದುಕೊಡು ಎಂದನಂತೆ. ಯಾಕಪ್ಪಾ ಎಂದರೆ, ಎಲ್ಲರೂ ಅವನನ್ನು ನ್ಯಾಯವಂತ ಎನ್ನುವುದು ಕೇಳಿ ಕೇಳಿ ಬೇಸರವಾಗಿದೆ ಎಂದನಂತೆ. ಅರಿಸ್ಟೈಡೀಸ್ ಬರೆದುಕೊಟ್ಟ. ಪ್ಲುಟಾರ್ಕ್ ಹೇಳಿದ ಕತೆ. ಅವನು ಬರೆದದ್ದೂ ನಾನು ಹಾಕಿದ್ದೂ ಒಂದೇ ಬಗೆಯ ಓಟು; ಆದರೆ ಅವನಿಗೆ ಅದರಿಂದ ಅಂಕವೇನೂ ಸಿಗಲಿಲ್ಲ.

ಮಿತ್ರ ದೊರೆ ಕೈಕೊಟ್ಟಾಗ ನಾನು ಗೊಣಗಿದ್ದನ್ನು ಕೇಳಿ ಹುಡುಗ ಹೇಳಿದ: ‘ಅದಕ್ಕೆ ನಿಮ್ಮ ಮೇಲೆ ಸಿಟ್ಟೇನಿಲ್ಲ ಮಾವ. ನೀವು ಗೆಲ್ಲೋದಕ್ಕೆ ಹತ್ತಿರ ಬಂದಿದ್ದೀರಿ, ಅಷ್ಟೆ. ಸುಮ್ಮನೆ ಬಿಟ್ಟರೆ ನಿಮಗೇ ಬೇಜಾರಾಗಲ್ವಾ?’ ಮಾತು ನಿಜ. ನಾಲ್ಕನೆಯ ಆವೃತ್ತಿಯನ್ನು ರೂಪಿಸಿದ ಸೋರೆನ್ ಜಾನ್ಸನ್ 2008ರಲ್ಲಿ ಆಟ ತಯಾರಕರ ಸಮ್ಮೇಳನದಲ್ಲಿ ಮಾಡಿದ ಒಂದು ಭಾಷಣದ ಹೆಸರೇ ‘ಸೋಲಲೆಂದು ಆಡುವುದು’. ಕಂಪ್ಯೂಟರ್ ಗೆಲ್ಲಲು ಆಡಬೇಕೋ, ನಮ್ಮನ್ನು ರಂಜಿಸಲು ಆಡಬೇಕೋ ಎಂಬುದು ಅಲ್ಲಿಯ ಚರ್ಚೆ. ಗೆಲ್ಲಲು ಆಡಿದರೆ ಅದು ಸ್ನೇಹವನ್ನು ಉಳಿಸಿಕೊಳ್ಳಲಾರದು; ಸ್ನೇಹ ಉಳಿಸಿಕೊಂಡರೆ ಎದುರಾಳಿಯಾಗಲಾರದು. ನಮಗೆ ಎರಡೂ ಬೇಕು. ಒಬ್ಬನೇ ಗೆಲ್ಲಬಹುದಾದ ಆಟದಲ್ಲಿ ಸ್ನೇಹಕ್ಕೆ ಜಾಗವಿದೆಯೇ? ಪ್ರಶ್ನೆ ಇರುವುದು ಇಲ್ಲಿ.

ಮನುಷ್ಯರ ಓಟನ್ನೂ ನಾನು ನೋಡಿದ್ದೇನೆ. ನೌಕರಿಯಲ್ಲಿದ್ದಾಗ ಒಂದು ಪತ್ತಿನ ಸಹಕಾರ ಸಂಘದಲ್ಲಿ ನಿರ್ದೇಶಕನಾಗಿದ್ದೆ. ಒಂದು ವರ್ಷ ಅಧ್ಯಕ್ಷ ಸ್ಥಾನಕ್ಕೆ ನಿಂತೆ. ಒಂಬತ್ತು ಮಂದಿಯಲ್ಲಿ ಐವರು ಮಾತು ಕೊಟ್ಟಿದ್ದರು. ನನ್ನದೂ ಸೇರಿದರೆ ಆರು. ಚೀಟಿ ಬಿಚ್ಚಿದಾಗ ಮೂರು, ಅದರಲ್ಲಿ ಒಂದು ನನ್ನದೇ. ಆಮೇಲೆ ಐವರೂ ಬೇರೆ ಬೇರೆಯಾಗಿ ಬಂದು ‘ನನ್ನ ಓಟು ನಿಮಗೇ ಸಾರ್’ ಎಂದರು. ಕೈಕೊಟ್ಟ ಮೂವರು ಯಾರೆಂದು ಇಂದಿಗೂ ಗೊತ್ತಿಲ್ಲ. ದೇಶಗಳಿಗೂ ಹೀಗಾಗುತ್ತದೆ. 1996ರಲ್ಲಿ ಭದ್ರತಾ ಮಂಡಳಿಯ ಏಷ್ಯಾದ ಸ್ಥಾನಕ್ಕೆ ಭಾರತ ಜಪಾನಿನ ಎದುರು ನಿಂತಿತ್ತು. ಅದೂ ಗುಪ್ತ ಮತದಾನ. ಜಪಾನಿಗೆ 142, ನಮಗೆ 40.

ಆದರೆ ಮುಂದೇನಾಯಿತು ನೋಡಿ. ನನ್ನ ಮಗಳ ಮದುವೆಯಲ್ಲಿ ಆ ಐವರೂ ಪಂಕ್ತಿಯಲ್ಲಿ ನಿಂತು ಬಡಿಸಿದರು. ಯಾರ ಕೈಯ ಹುಳಿಯೂ ನನಗೆ ಕಹಿಯಾಗಲಿಲ್ಲ. 2005ರ ಹೊತ್ತಿಗೆ ಅದೇ ಜಪಾನ್ ಮತ್ತು ಭಾರತ, ಜರ್ಮನಿ, ಬ್ರೆಜಿಲ್‌ಗಳನ್ನು ಕೂಡಿಕೊಂಡು ಕಾಯಂ ಸ್ಥಾನ ಬೇಕೆಂದು ಒಟ್ಟಾಗಿ ಕೇಳುತ್ತಿದ್ದವು. 2010ರಲ್ಲಿ ಭಾರತ ಮಂಡಳಿಗೆ ಆರಿಸಿ ಬಂದಾಗ ಬಿದ್ದ ಓಟು 187. ಮನುಷ್ಯರು ಯಂತ್ರಕ್ಕಿಂತ ಒಳ್ಳೆಯವರು ಎಂದು ಇದರಿಂದ ಹೇಳಲಾರೆ. ಆದರೆ ಅವರ ಆಟ ಅಂದಿಗೆ ಮುಗಿದಿರಲಿಲ್ಲ.

ಈ ಮಾತಿಗೆ ಲೆಕ್ಕದ ಆಧಾರವೂ ಇದೆ. ಮಿಷಿಗನ್ ವಿಶ್ವವಿದ್ಯಾಲಯದ ರಾಬರ್ಟ್ ಆಕ್ಸೆಲ್‌ರಾಡ್ 1980ರ ಹೊತ್ತಿಗೆ ಕಂಪ್ಯೂಟರ್ ಪ್ರೋಗ್ರಾಮುಗಳ ನಡುವೆ ಒಂದು ಪಂದ್ಯ ನಡೆಸಿದ. ಇಬ್ಬರೂ ಸಹಕರಿಸಿದರೆ ಇಬ್ಬರಿಗೂ ಲಾಭ. ಒಬ್ಬನೇ ಕೈಕೊಟ್ಟರೆ ಅವನಿಗೆ ಇನ್ನೂ ಹೆಚ್ಚು. ಇಬ್ಬರೂ ಕೈಕೊಟ್ಟರೆ ಇಬ್ಬರಿಗೂ ನಷ್ಟ. ಗೆದ್ದದ್ದು ಅನಟೋಲ್ ರಾಪೊಪೋರ್ಟ್ ಕಳಿಸಿದ, ಎಲ್ಲಕ್ಕಿಂತ ಚಿಕ್ಕ ಪ್ರೋಗ್ರಾಮು. ಮೊದಲು ಸಹಕರಿಸು, ಆಮೇಲೆ ಎದುರಿನವನು ಮಾಡಿದ್ದನ್ನೇ ಮಾಡು: ಇಷ್ಟೇ ಅದರ ನೀತಿ. ಮದುವೆಯಲ್ಲಿ ಮುಯ್ಯಿ ಬರೆದಿಡುವ, ನಾಟಿಗೆ ಮುಯ್ಯಾಳಾಗಿ ಹೋಗುವ ನಮ್ಮ ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಮೊದಲ ಪಂದ್ಯದಲ್ಲಿ ಆಟಕ್ಕೆ 200 ಸರದಿ ಎಂದು ಗೊತ್ತಿತ್ತು. ಇನ್ನೂರನೆಯದರಲ್ಲಿ ಕೈಕೊಟ್ಟರೆ ಶಿಕ್ಷಿಸಲು ಮುಂದೆ ಸರದಿಯೇ ಇಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಹಾಗಾದರೆ ಎದುರಿನವನು ನೂರತೊಂಬತ್ತೊಂಬತ್ತರಲ್ಲೇ ಕೈಕೊಡುವುದು ಜಾಣತನ. ಹೀಗೆ ಹಿಂದೆ ಹಿಂದೆ ಬಂದರೆ ಮೊದಲನೆಯ ಸರದಿಗೇ ಸ್ನೇಹ ಸತ್ತುಹೋಗುತ್ತದೆ. 62 ಪ್ರೋಗ್ರಾಮುಗಳು ಬಂದ ಎರಡನೆಯ ಪಂದ್ಯದಲ್ಲಿ ಆಕ್ಸೆಲ್‌ರಾಡ್ ಕೊನೆಯ ಸರದಿ ಯಾವುದೆಂಬುದನ್ನು ಮುಚ್ಚಿಟ್ಟ. ಆಗಲೂ ಆ ಚಿಕ್ಕ ಪ್ರೋಗ್ರಾಮೇ ಗೆದ್ದಿತು.

ಈಗ ನನ್ನ ಮಿತ್ರ ದೊರೆಯ ನಡತೆ ಅರ್ಥವಾಗುತ್ತದೆ. ಅವನ ಜಗತ್ತು 2050ಕ್ಕೆ ಮುಗಿಯುತ್ತದೆ. ಆಚೆ ಮದುವೆಯಿಲ್ಲ, ಪಂಕ್ತಿಯಿಲ್ಲ. ಕೊನೆಯ ಸರದಿ ಉಳ್ಳವನಿಂದ ಸ್ನೇಹ ಬಯಸುವುದೇ ಅನ್ಯಾಯ. ಹೆದರಿಕೆಯಾಗುವುದು ಬೇರೆಯವರನ್ನು ನೋಡಿದಾಗ. ಈ ಚುನಾವಣೆಯೇ ಕಡೆಯದು, ಇದರಲ್ಲಿ ಸೋತರೆ ಎಲ್ಲವೂ ಮುಗಿಯಿತು ಎನ್ನುವವನಿಗೆ, ಅಣ್ಣತಮ್ಮಂದಿರ ಪಾಲುಪಟ್ಟಿಯ ದಿನವೇ ಲೋಕದ ಕೊನೆಯ ದಿನವೆಂಬಂತೆ ಕಾದಾಡುವವನಿಗೆ, ಯಾವ ಮಾತೂ ಮಾತಲ್ಲ, ಯಾವ ಹಂಗೂ ಹಂಗಲ್ಲ. ಇಲ್ಲದ ಕೊನೆಯ ಸರದಿಯನ್ನು ತಾನೇ ಕಟ್ಟಿಕೊಂಡು ಅವನು ಯಂತ್ರವಾಗಿರುತ್ತಾನೆ.

ಆದರೆ ಪ್ರಶ್ನೆ ಇಲ್ಲಿಗೆ ಮುಗಿಯುವುದಿಲ್ಲ. ಊರಿಗೆ, ದೇಶಕ್ಕೆ ಕೊನೆಯ ಸರದಿ ಇಲ್ಲದಿರಬಹುದು. ನಮ್ಮಲ್ಲಿ ಒಬ್ಬೊಬ್ಬರಿಗೂ ಇದ್ದೇ ಇದೆ. ಲೆಕ್ಕದ ಪ್ರಕಾರ ಸಾಯುವವನು ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ. ನನ್ನ ತಂದೆ ಕೊನೆಯ ವಾರ ಹಾಸಿಗೆಯಲ್ಲಿದ್ದಾಗ ನನ್ನನ್ನು ಕರೆದು ಕಾಗದ, ಪೆನ್ನು ತರಲು ಹೇಳಿದರು. ಕೊಡಬೇಕಾದ ಬಾಕಿಗಳನ್ನು ಒಂದೊಂದಾಗಿ ಬರೆಸಿದರು. ಕಿರಾಣಿ ಅಂಗಡಿಗೆ ನಲವತ್ತಾರು ರೂಪಾಯಿ. ಕೊನೆಯದು, ಪಕ್ಕದ ಗದ್ದೆಯವರಿಗೆ ಎರಡು ಮೂಟೆ ಬೀಜದ ಭತ್ತ. ಬದುವಿನ ತಕರಾರಿಗಾಗಿ ಅದೇ ಪಕ್ಕದ ಗದ್ದೆಯವರ ಮೇಲೆ ನಾವು ಕೋರ್ಟಿಗೆ ಹೋಗಿದ್ದೆವು. ‘ವ್ಯಾಜ್ಯ ನಡೀತಿದೆಯಲ್ಲ ಅಪ್ಪಯ್ಯ’ ಎಂದೆ. ‘ವ್ಯಾಜ್ಯ ಬದುವಿಂದು. ಭತ್ತ ನಾನು ಕೇಳಿ ತಂದದ್ದು’ ಎಂದರು. ಕೊಡದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಚೀಟಿಯಿರಲಿಲ್ಲ, ಸಾಕ್ಷಿಯಿರಲಿಲ್ಲ, ಅವರಿಗೆ ಮುಂದಿನ ಸರದಿಯೂ ಇರಲಿಲ್ಲ.

ಈ ನಡೆಗೆ ಯಾವ ಅಂಕ ಕೊಡಬೇಕೆಂದು ಆಕ್ಸೆಲ್‌ರಾಡನ ಪಂದ್ಯವಾಗಲಿ, ಕೌಟಿಲ್ಯನ ಮಂಡಲವಾಗಲಿ ಹೇಳುವುದಿಲ್ಲ. ಧರ್ಮ ಎಂಬ ದೊಡ್ಡ ಮಾತನ್ನು ನಾನು ಸುಲಭಕ್ಕೆ ಬಳಸುವವನಲ್ಲ. ಆದರೆ ಅದಕ್ಕೇನಾದರೂ ಅರ್ಥವಿದ್ದರೆ, ಲೆಕ್ಕ ಮುಗಿದ ಮೇಲೂ ಉಳಿಯುವ ಈ ಬಾಕಿಯಲ್ಲಿ ಇರಬೇಕು. ಹದಿಮೂರನೆಯ ದಿನ ಕಳೆದ ಮೇಲೆ ಭತ್ತವನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಿ ಕೊಟ್ಟು ಬಂದೆ. ಅವರು ಮಾತಾಡದೆ ಇಳಿಸಿಕೊಂಡರು, ಕುಡಿಯಲು ಮಜ್ಜಿಗೆ ಕೊಟ್ಟರು. ವ್ಯಾಜ್ಯ ಆಮೇಲೂ ಆರು ವರ್ಷ ನಡೆಯಿತು.