ದಂಡದ ಫಲ ಯಾರದು?

1789ರ ಜನವರಿಯಲ್ಲಿ ಲಂಡನ್ ನಗರದ ಓಲ್ಡ್ ಬೈಲಿ ನ್ಯಾಯಾಲಯದ ಕಟಕಟೆಯಲ್ಲಿ ನಿಂತ ಮೇರಿ ವೇಡ್ ಎಂಬ ಬಾಲಿಕೆಗೆ ವಯಸ್ಸು ಹನ್ನೊಂದರ ಆಸುಪಾಸು. ಬೀದಿ ಗುಡಿಸಿ ಭಿಕ್ಷೆಯೆತ್ತಿ ಬದುಕುತ್ತಿದ್ದ ಈಕೆಯೂ, ಹದಿನಾಲ್ಕರ ಪ್ರಾಯದ ಜೇನ್ ವೈಟಿಂಗ್ ಎಂಬ ಇನ್ನೊಬ್ಬ ಹುಡುಗಿಯೂ ಕೂಡಿ, ನೀರು ತುಂಬಿಕೊಳ್ಳಲು ಬಂದಿದ್ದ ಎಂಟು ವರ್ಷದ ಮಗುವೊಂದನ್ನು ಶೌಚಗೃಹದೊಳಕ್ಕೆ ಕರೆದೊಯ್ದು, ಅದರ ಮೈಮೇಲಿದ್ದ ಹತ್ತಿಯ ಉಡುಪನ್ನೂ ಲಿನನ್ ಬಟ್ಟೆಯ ಟೋಪಿ, ಹೆಗಲುವಸ್ತ್ರಗಳನ್ನೂ ಸುಲಿದುಕೊಂಡು, ಉಡುಪನ್ನು ಗಿರವಿ ಅಂಗಡಿಗೆ ಒಯ್ದಿಟ್ಟರೆಂಬುದು ಆರೋಪ. ಕೃತ್ಯವು ರಾಜಮಾರ್ಗದ ದರೋಡೆಯೆಂದು ಗಣಿತವಾದುದರಿಂದ ಇಬ್ಬರಿಗೂ ಮರಣದಂಡನೆ ವಿಧಿಸಲ್ಪಟ್ಟಿತು.

ಮೇರಿಯನ್ನು ಮುಗ್ಧೆಯೆಂದು ಚಿತ್ರಿಸುವವರು ಮರೆಮಾಚುವ ಸಂಗತಿಯೊಂದುಂಟು. ಆ ಮಗುವನ್ನು ಶೌಚಗುಂಡಿಗೇ ನೂಕಿಬಿಡಬೇಕಾಗಿತ್ತೆಂದು ಈಕೆ ಬಾಯಿಬಿಟ್ಟು ನುಡಿದಳೆಂಬ ಸಾಕ್ಷ್ಯವು ವಿಚಾರಣೆಯಲ್ಲಿ ಬಂದಿತು. ಆದುದರಿಂದ ನಾವು ಕೇಳಬೇಕಾದುದು ಆಕೆ ನಿರ್ದೋಷಿಯೇ ಎಂಬುದನ್ನಲ್ಲ. ದೋಷವಿದ್ದೂ ಆ ದೋಷಕ್ಕೆ ಆಕೆ ಎಷ್ಟರಮಟ್ಟಿಗೆ ಕರ್ತೃ ಎಂಬುದನ್ನು.

ಈ ಪ್ರಶ್ನೆಯನ್ನು ನಮ್ಮ ಮಹಾಭಾರತವು ಆದಿಪರ್ವದಲ್ಲಿಯೇ ಎತ್ತಿದೆ. ಕಳ್ಳರು ತನ್ನ ಆಶ್ರಮದಲ್ಲಿ ಅವಿತಿಟ್ಟ ಒಡವೆಗಾಗಿ ಶೂಲಕ್ಕೇರಿದ ಮಾಂಡವ್ಯ ಮಹರ್ಷಿಯು, ತನಗೆ ಈ ಯಾತನೆ ಯಾವ ಪಾಪದ ಫಲವೆಂದು ಯಮಧರ್ಮನನ್ನೇ ಕೇಳಲು, ಬಾಲ್ಯದಲ್ಲಿ ನೀನು ಹುಳುಗಳಿಗೆ ಹುಲ್ಲುಕಡ್ಡಿ ಚುಚ್ಚಿದುದರ ಫಲವಿದೆಂದು ಧರ್ಮನು ಉತ್ತರಿಸಿದನಂತೆ. ಋಷಿಯು ಆ ಕೃತ್ಯವನ್ನು ಅಲ್ಲಗಳೆಯಲಿಲ್ಲ; ಅಲ್ಪ ಅಪರಾಧಕ್ಕೆ ಘೋರ ದಂಡವನ್ನು ವಿಧಿಸಿದ ಧರ್ಮನೇ ಅಪರಾಧಿಯೆಂದು ನಿರ್ಣಯಿಸಿ, ಹದಿನಾಲ್ಕು ವರ್ಷದವರೆಗೆ ಮಾಡಿದುದು ಪಾತಕವೆನಿಸಲಾಗದೆಂದು ಹೊಸ ಮರ್ಯಾದೆಯನ್ನು ಸ್ಥಾಪಿಸಿ, ಧರ್ಮನು ಭೂಮಿಯಲ್ಲಿ ದಾಸಿಯ ಗರ್ಭದಿಂದ ಜನಿಸುವಂತೆ ಶಪಿಸಿದನು. ವಿದುರನ ಜನನಕ್ಕೆ ಮೂಲವಾದ ಈ ಕಥೆಯಲ್ಲಿ ನ್ಯಾಯಾಧಿಪತಿಯೂ ಕರ್ಮಬದ್ಧನೇ. ಅನ್ಯಾಯವಾಗಿ ಕೊಟ್ಟ ದಂಡದ ಫಲವನ್ನು ಕೊಟ್ಟವನೇ ಉಣ್ಣಬೇಕು.

ವಿಚಿತ್ರವೆಂದರೆ ಅಂದಿನ ಆಂಗ್ಲ ನ್ಯಾಯಶಾಸ್ತ್ರವೂ ಅದೇ ಹದಿನಾಲ್ಕನ್ನು ಗಡಿಯೆಂದು ಬಲ್ಲುದಾಗಿತ್ತು. ಏಳರೊಳಗಿನ ಮಗು ಅಪರಾಧಕ್ಕೆ ಅಸಮರ್ಥವೆಂದೂ, ಏಳರಿಂದ ಹದಿನಾಲ್ಕರವರೆಗೆ ಹಾಗೆಂದೇ ಊಹಿಸತಕ್ಕದ್ದೆಂದೂ ಅದು ಹೇಳುತ್ತಿತ್ತು. ಆದರೆ ದುರ್ಬುದ್ಧಿ ಸ್ಪಷ್ಟವಾಗಿ ಕಂಡುಬಂದಲ್ಲಿ ಆ ಊಹೆ ಬಿದ್ದುಹೋಗುತ್ತಿತ್ತು. ಹಸಿವಿನ ಮನೆಯಲ್ಲಿ ಬೆಳೆದ ಮಕ್ಕಳಲ್ಲಿ ದುರ್ಬುದ್ಧಿಯು ಬೇಗನೆ ಕಂಡುಬರುವುದು ಸಹಜವೇ ಅಲ್ಲವೆ?

ಅನಂತರ ಬಂದಿತು ರಾಜದಯೆ. ಬುದ್ಧಿಭ್ರಮಣೆಗೊಂಡಿದ್ದ ಮೂರನೆಯ ಜಾರ್ಜ್ ದೊರೆಯು 1789ರ ವಸಂತದಲ್ಲಿ ಚೇತರಿಸಿಕೊಂಡ ಸಂತೋಷಕ್ಕಾಗಿ, ಗಲ್ಲಿಗೆ ಕಾದಿದ್ದ ಸ್ತ್ರೀಯರಿಗೆ ಪ್ರಾಣದಾನವು ಘೋಷಿತವಾಯಿತು. ಸಮುದ್ರದಾಚೆಯ ವಸಾಹತಿನಲ್ಲಿ ಆಜೀವ ಗಡೀಪಾರು ಅದರ ಷರತ್ತು. ಅವರಲ್ಲಿ ಕೆಲವರು ಈ ದಯೆ ನಮಗೆ ಬೇಡ, ನೇಣೇ ಲೇಸೆಂದು ನ್ಯಾಯಾಧೀಶರ ಮುಖಕ್ಕೇ ಹೇಳಿದರೆಂಬುದು ದಾಖಲೆಯಲ್ಲಿದೆ. ಆ ಹೆಂಗಸರ ದಿಟ್ಟತನವು ನನಗೆ ಯಾವ ತತ್ತ್ವಗ್ರಂಥಕ್ಕಿಂತಲೂ ಹೆಚ್ಚು ವಿಚಾರಪ್ರಚೋದಕವಾಗಿ ತೋರಿದೆ. ಪಡೆಯುವವಳ ಯೋಗ್ಯತೆಯನ್ನಾಗಲಿ ಅವಳ ದುಃಖವನ್ನಾಗಲಿ ನೋಡದೆ, ಕೊಡುವವನ ದೇಹಾರೋಗ್ಯವನ್ನು ಅವಲಂಬಿಸಿದ ಅನುಗ್ರಹವನ್ನು ದಯೆಯೆಂದು ಕರೆಯಲು ನನ್ನ ಮನಸ್ಸು ಒಪ್ಪದು. ದೊರೆಯ ಚಿತ್ತಸ್ವಾಸ್ಥ್ಯವು ಇನ್ನಷ್ಟು ವಿಳಂಬಿಸಿದ್ದರೆ?

ಮೇರಿ 'ಲೇಡಿ ಜೂಲಿಯಾನಾ' ಎಂಬ ಹಡಗನ್ನೇರಿ, 1790ರ ಜೂನ್ ತಿಂಗಳಲ್ಲಿ ಸಿಡ್ನಿಯನ್ನು ತಲಪಿ, ಅಲ್ಲಿಂದ ನಾರ್ಫೋಕ್ ದ್ವೀಪಕ್ಕೆ ಸಾಗಿಸಲ್ಪಟ್ಟಳು. ಮುಂದೆ ಬಹುಸಂತಾನವತಿಯಾಗಿ, ಎಂಬತ್ತನ್ನು ದಾಟಿ ಬಾಳಿ, 1859ರಲ್ಲಿ ತೀರಿಕೊಂಡಳು. 2007ರಲ್ಲಿ ಆಸ್ಟ್ರೇಲಿಯದ ಪ್ರಧಾನಿಯಾದ ಕೆವಿನ್ ರಡ್ ಅವರು ಆಕೆಯ ವಂಶಸ್ಥರು.

ಇದನ್ನು ಕೇಳಿದೊಡನೆ, ಆದದ್ದೆಲ್ಲ ಒಳಿತೇ ಆಯಿತೆಂದು ನಿಟ್ಟುಸಿರುಬಿಡುವವರು ಉಂಟು. ಬಿರುಗಾಳಿ ಹೊತ್ತೊಯ್ದ ಬೀಜವು ಬಂಡೆಯ ಸಂದಿನಲ್ಲಿ ಬೇರುಬಿಟ್ಟಿತೆಂದು ಬಿರುಗಾಳಿಯನ್ನು ತೋಟಗಾರನೆಂದು ಕೊಂಡಾಡುವುದುಂಟೆ? ಕರ್ಮಸಿದ್ಧಾಂತವನ್ನು ನಂಬುವವರು ಇಲ್ಲಿ ವಿಶೇಷವಾಗಿ ಎಚ್ಚರವಹಿಸಬೇಕು. ಏಕೆಂದರೆ ಪರರ ದುಃಖವನ್ನು ಅವರ ಪ್ರಾರಬ್ಧದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವ ಚಪಲ ನಮ್ಮಲ್ಲಿ ಹಳೆಯದು. ಮೇರಿಯ ಬಾಳುವೆಯಲ್ಲಿ ಫಲಿಸಿದ ಒಳಿತು ಆಕೆಯ ಸ್ವಂತ ದುಡಿಮೆಯದು, ಸಹನೆಯದು. ಅದರಲ್ಲಿ ನ್ಯಾಯಪೀಠಕ್ಕೆ ಪಾಲಿಲ್ಲ. ಅದಲ್ಲದೆ, 1788ರಿಂದ 1868ರವರೆಗೆ ಸುಮಾರು 1,60,000 ಕೈದಿಗಳನ್ನು ಇಳಿಸಿಕೊಂಡ ಆ ನೆಲವು ಬರಿದಾಗಿರಲಿಲ್ಲ. ಸಿಡ್ನಿ ತೀರದ ಇಯೋರಾ ಜನರು ಕೈದಿಗಳ ಮೊದಲ ಹಡಗುಗಳು ಬಂದ ಮರುವರ್ಷವೇ ಸಿಡುಬಿಗೆ ಗುಂಪುಗುಂಪಾಗಿ ಬಲಿಯಾದರು. ಒಬ್ಬರ ಪುನರ್ಜನ್ಮಕ್ಕೆ ಇನ್ನೊಬ್ಬರ ಭೂಮಿ ಮೂಲಧನವಾದಲ್ಲಿ, ಫಲದ ಸಿಹಿಯಿಂದ ದಂಡವನ್ನು ಸಮರ್ಥಿಸುವ ವಾದವು ಇನ್ನೂ ಒಂದು ಋಣವನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಕಾಗುತ್ತದೆ.

ಮಾಂಡವ್ಯನ ಮರ್ಯಾದೆಗೆ ಸಮೀಪವಾಗಿದ್ದ ಆಂಗ್ಲರ ಆ ಹಳೆಯ ಊಹೆಯನ್ನು, ಹತ್ತರಿಂದ ಹದಿನಾಲ್ಕರೊಳಗಿನ ಮಕ್ಕಳ ವಿಷಯದಲ್ಲಿ, 1998ರಲ್ಲಿ ಬ್ರಿಟನ್ನಿನ ಸಂಸತ್ತು ಕಾಯಿದೆಯ ಮೂಲಕ ತೆಗೆದುಹಾಕಿತು. ಮರಣದಂಡನೆಯೂ ಗಡೀಪಾರೂ ಅಳಿದುಹೋಗಿರುವ ಇಂದಿನ ಇಂಗ್ಲೆಂಡಿನಲ್ಲಿಯೂ, ಹತ್ತು ವರ್ಷ ತುಂಬಿದ ಮಗುವನ್ನು ಅಪರಾಧಿಯೆಂದು ವಿಚಾರಣೆಗೆ ಗುರಿಪಡಿಸಬಹುದು.